ಕಂಬಕ್ಕೆ ತಲೆಯಿಲ್ಲ

ಡಂಗುರದವನು ಅರಮನೆಯ ಚೌಕದಲ್ಲಿ ನಿಂತು ಓದಿದ: “ಇದು ರಾಜಕುಮಾರಿ ಉದಯಾವತಿಯಾದ ನನ್ನ ಆಜ್ಞೆ. ಹಿಮಕಣಿವೆಯ ಠಾಣೆಯಲ್ಲಿ ಒಂಬತ್ತು ಸೈನಿಕರು ಸ್ಯಾಟಲೈಟ್ ಫೋನನ್ನು ಕಿವಿಗೆ ಹಿಡಿದುಕೊಂಡೇ ಸತ್ತರು. ಅವರ ಕರೆ ನಮಗೆ ತಲುಪಲಿಲ್ಲ. ಆ ಫೋನಿಗೆ ಸರಿಯಾದ ಆಂಟೆನಾ ಮಾಡಬಲ್ಲೆ ಎನ್ನುವವನು ಮೂರು ಒಗಟು ಬಿಡಿಸಲಿ. ಬಿಡಿಸಿದವನಿಗೆ ಯಂತ್ರಶಾಲೆಯ ಒಡೆತನ. ತಪ್ಪಿದವನು ಈಗಿರುವ ಫೋನನ್ನೇ ಹಿಡಿದು ಚಳಿಗಾಲವೆಲ್ಲ ಆ ಠಾಣೆಯಲ್ಲಿ ಇರಲಿ. ನನ್ನ ಕೈಹಿಡಿಯಲು ಬಂದವರು ಮನೆಗೆ ಹೋಗಬಹುದು.”

ಅರ್ಧ ಜನ ಆಗಲೇ ಹೋದರು.

ಮೊದಲು ಬಂದವನು ಯಂತ್ರಶಾಲೆಯ ಧನುರ್ಧರಾಚಾರ್ಯ. ಹನ್ನೆರಡು ವರ್ಷ ಆತ ಆಂಟೆನಾಗಳನ್ನು ಗಂಧದ ಕಂಬದ ಮೇಲಿಟ್ಟು ಅಳೆದಿದ್ದ. ಅಳೆಯುವಾಗ ಯಾರೂ ಹತ್ತಿರ ಸುಳಿಯಬಾರದು, ಕೈಯಲ್ಲಿ ಮುಟ್ಟಿದರೆ ಮೈಲಿಗೆ. ಅದಕ್ಕೆ ಅವನಿಗೆ ಮೂರು ಶಾಲು ಹೊದಿಸಿದ್ದರು.

ರಾಜಕುಮಾರಿ ಕೇಳಿದಳು: “ನನ್ನ ಮಾತನ್ನು ಮೊದಲು ನುಂಗುವವನು ನನ್ನ ಪಕ್ಕದಲ್ಲೇ ಇದ್ದಾನೆ. ಅರ್ಧಕ್ಕಿಂತ ಹೆಚ್ಚು ನುಂಗಿಯೂ ಅವನಿಗೆ ಒಂದಕ್ಷರ ತಿಳಿಯುವುದಿಲ್ಲ. ಯಾರವನು?”

“ಪರ್ವತ,” ಎಂದ ಆಚಾರ್ಯ, ಯೋಚಿಸುವ ಕಷ್ಟ ತೆಗೆದುಕೊಳ್ಳದೆ.

“ಮೋಡ,” ಎಂದ ಸೇನಾಪತಿಯ ಮಗ ಜಯಶೇಖರ. ಆಚಾರ್ಯನ ಉತ್ತರ ತಪ್ಪಾದರೆ ತನ್ನದು ಸರಿಯಿರಲೇಬೇಕೆಂದು ಅವನ ಲೆಕ್ಕ.

ಇಬ್ಬರಿಗೂ ಠಾಣೆಯ ಚಳಿಗೆಂದು ಕಂಬಳಿ ಕೊಟ್ಟು ಕೂರಿಸಿದರು.

ಆಮೇಲೆ ಮೇದರ ಸಣ್ಣೀರ ಮುಂದೆ ಬಂದ. ತಾನು ಹೆಣೆದ ಬುಟ್ಟಿಗಳಲ್ಲಿ ಫೋನುಗಳನ್ನು ತುಂಬಿ ಠಾಣೆಗೆ ಹೊರುತ್ತಿದ್ದವನು ಅವನು. ಒಂಬತ್ತು ಹೆಣಗಳನ್ನು ಕೆಳಗೆ ತಂದವನೂ ಅವನೇ. ಈ ಚಳಿಗಾಲ ಠಾಣೆಗೆ ಹೋಗುವವರ ಪಟ್ಟಿಯಲ್ಲಿ ಅವನ ತಮ್ಮ ನಂಜನ ಹೆಸರಿತ್ತು.

“ಏನಯ್ಯಾ, ಬುಟ್ಟಿ ಮಾರೋಕೆ ಬಂದೆಯಾ?” ಎಂದ ಜಯಶೇಖರ.

“ಇಲ್ಲ ಬುದ್ಧಿ. ಠಾಣೆಗೆ ನಿಮ್ಮ ಗಂಟು ಹೊರೋ ಪಾಳಿ ನಂದು, ಹೇಗೂ ಬರಬೇಕಿತ್ತು.” ಅವನು ರಾಜಕುಮಾರಿಯ ಕಡೆ ತಿರುಗಿದ. “ಫೋನು ಹಿಡಿದವನ ತಲೆ, ತಾಯಿ. ಫೋನನ್ನ ಬಂಡೆ ಮೇಲಿಟ್ಟು ದೂರ ನಿಂತರೆ ಕರೆ ಹತ್ತುತ್ತೆ, ಕಿವಿಗೊತ್ತಿದರೆ ಸಾಯುತ್ತೆ. ಮನುಷ್ಯ ಅಂದರೆ ಉಪ್ಪುನೀರಿನ ಚೀಲ, ಅಲೆಗಳನ್ನ ಕುಡಿದುಬಿಡ್ತಾನೆ. ಆಂಟೆನಾ ಕೆನ್ನೆ ಪಕ್ಕ ಇರಬಾರದು, ನೆತ್ತಿಗಿಂತ ಮೇಲಿರಬೇಕು.”

“ನನ್ನ ಕಂಬದ ಮೇಲೆ ಕೂದಲೆಳೆಯಷ್ಟೂ ನಷ್ಟ ಕಾಣಲಿಲ್ಲ,” ಎಂದ ಆಚಾರ್ಯ.

“ಕಂಬಕ್ಕೆ ತಲೆಯಿಲ್ಲ ಸ್ವಾಮಿ.”

ರಾಜಕುಮಾರಿ ಎರಡನೆಯದನ್ನು ಕೇಳಿದಳು: “ಇಬ್ಬರು ಹಾಡುಗಾರರು. ಒಬ್ಬ ಒಂಟಿಯಾಗಿದ್ದರೆ ಶ್ರುತಿ ಸರಿ, ಪಕ್ಕಕ್ಕೆ ಜನ ಬಂದರೆ ಇಳಿಯುತ್ತದೆ. ಇನ್ನೊಬ್ಬ ಒಂಟಿಯಾಗಿದ್ದರೆ ಶ್ರುತಿ ಏರುತ್ತದೆ, ಜನ ಬಂದರೆ ಸರಿಹೋಗುತ್ತದೆ. ಯಾರನ್ನು ಇಟ್ಟುಕೊಳ್ಳಲಿ?”

“ಎರಡನೆಯವನನ್ನ. ಕೈ ಹತ್ತಿರ ಬಂದರೆ ತಂತಿಯ ಶ್ರುತಿ ಇಳಿಯುತ್ತೆ. ಇಳಿಯೋದಕ್ಕೆ ತಕ್ಕಷ್ಟು ತಂತಿಯನ್ನ ಮೊದಲೇ ಮೋಟು ಮಾಡಬೇಕು. ಹಸಿ ಬಿದಿರು ಒಣಗಿ ಸಡಿಲಾಗುತ್ತೆ ಅಂತ ನಾವು ಮೊದಲೇ ಬಿಗಿಯಾಗಿ ಹೆಣೆಯೋದಿಲ್ಲವಾ, ಹಾಗೆ.”

“ಕೊನೆಯದು. ಮೇಲಿನಿಂದ ಒಬ್ಬ ಅತಿಥಿ ಗಿರಗಿರನೆ ತಿರುಗುತ್ತ ಬರುತ್ತಾನೆ. ನೆಟ್ಟಗೆ ನಿಂತವನಿಗೆ ಅರ್ಧವೇ ಸಿಗುತ್ತಾನೆ. ಇಡಿಯಾಗಿ ಸಿಗಬೇಕಾದರೆ ಹೇಗೆ ನಿಲ್ಲಬೇಕು?”

ಇದು ಸಣ್ಣೀರ ಠಾಣೆಯಲ್ಲಿ ಕಂಡ ಸಂಗತಿಯಲ್ಲ. ಜಯಶೇಖರ ತನ್ನ ಪಕ್ಕದಲ್ಲಿ ಕಂಬಳಿ ಸರಿಸಿ ಜಾಗ ಮಾಡಿದ.

ಸಣ್ಣೀರನ ಬೆರಳುಗಳು ಅಭ್ಯಾಸಬಲದಿಂದ ಗಾಳಿಯಲ್ಲೇ ಬುಟ್ಟಿಯ ಅಂಚು ಹೊಸೆಯುತ್ತಿದ್ದವು. ಅವನು ಅವುಗಳನ್ನೇ ನೋಡಿದ.

“ಆ ಅತಿಥಿ ಆಕಾಶದಿಂದ ಬರೋ ಅಲೆ, ತಾಯಿ. ಅವನು ತಿರುಗುವ ಕಡೆಗೇ ಆಂಟೆನಾನೂ ತಿರುಚಿಕೊಂಡು ನಿಲ್ಲಬೇಕು. ನಾಲ್ಕು ತಂತಿಗಳನ್ನ ಕೊಳವೆಗೆ ಬಳ್ಳಿ ಹಾಗೆ ಸುತ್ತಬೇಕು. ಎದುರು ದಿಕ್ಕಿಗೆ ಸುತ್ತಿದರೆ ಆ ಅರ್ಧವೂ ಸಿಗೋದಿಲ್ಲ.”

“ಮೂರೂ ಸರಿ,” ಎಂದಳು ರಾಜಕುಮಾರಿ. “ಯಂತ್ರಶಾಲೆ ನಿನ್ನದು.”

ಸಣ್ಣೀರ ಹೊಸ ಆಂಟೆನಾ ಹಾಕಿ ಮಾಡಿದ ಮೊದಲ ಫೋನನ್ನು ನಂಜನ ಕೈಗೆ ಕೊಟ್ಟ. ಆಚಾರ್ಯ, ಜಯಶೇಖರ ಹಳೆಯ ಫೋನು ಹೊತ್ತು ನಂಜನ ಹಿಂದೆ ಠಾಣೆಗೆ ನಡೆದರು.

ನಲವತ್ತನೆಯ ದಿನ ಅರಮನೆಯಲ್ಲಿ ಕರೆ ಬಂತು. ನಂಜನ ದನಿ ಗಂಟೆ ಹೊಡೆದ ಹಾಗೆ ಸ್ಪಷ್ಟವಾಗಿತ್ತು.

“ಅಣ್ಣಾ, ಬೆಳಿಗ್ಗೆಯೇ ಹಿಮ ಕುಸಿದು ಬಾಗಿಲು ಮುಚ್ಚಿದೆ. ಎಲ್ಲರೂ ಬದುಕಿದ್ದೀವಿ. ಹೊಗೆಕಿಂಡಿಯಿಂದ ತಲೆ ಹೊರಗೆ ಹಾಕಿ ಮಾತಾಡ್ತಿದ್ದೀನಿ. ಬೇಗ ಜನ ಕಳಿಸು.”

“ಇಷ್ಟು ಹೊತ್ತು ಯಾಕೆ ಕರೆಯಲಿಲ್ಲವೋ?” ಎಂದ ಸಣ್ಣೀರ.

“ಆಚಾರ್ಯರು ನಿನ್ನ ಫೋನನ್ನ ಕಂಬದ ಮೇಲಿಟ್ಟು ಅಳೀತಿದ್ದರು. ಶ್ರುತಿ ತಪ್ಪಿದೆ, ಇದರಲ್ಲಿ ಕರೆ ಹೋಗೋದೇ ಇಲ್ಲ ಅಂತಾರೆ. ಈಗ ಕಿತ್ತುಕೊಂಡೆ.”

ರಾಜಕುಮಾರಿ ಆಗಲೇ ನೂರು ಆಳುಗಳನ್ನು ಹೊರಡಿಸಿದ್ದಳು. “ಒಂದು ಗುದ್ದಲಿ ಹೆಚ್ಚಿಗೆ ಕಳಿಸು,” ಎಂದಳು. “ಆಚಾರ್ಯರು ಕೈಯಲ್ಲಿ ಏನಾದರೂ ಹಿಡಿದು ನೋಡಲಿ.”