ಸಾಹೇಬರಿಗೆ ಮಾತ್ರ ಕೊಟ್ಟ ನಂಬರು

ತುಂಗಭದ್ರೆಯ ದಡದಲ್ಲಿ ಒಂದು ಆಶ್ರಮ. ಅಲ್ಲಿನ ಗುರುಗಳನ್ನು ಎಲ್ಲರೂ ಅಜ್ಜಾರು ಎನ್ನುತ್ತಿದ್ದರು.

ಕಷ್ಟ ಇದ್ದವರು ಅಜ್ಜಾರಿಗೆ ಫೋನಿನಲ್ಲಿ ಬರೆಯುತ್ತಿದ್ದರು. ಅಜ್ಜಾರು ಮದ್ದು ಅರೆದು ಕೊಟ್ಟರೆ ಶಿಷ್ಯ ಪಂಪಯ್ಯ ಮನೆಗೆ ಮುಟ್ಟಿಸುತ್ತಿದ್ದ. ಬರೆದದ್ದು ಬರೆದವರ ಫೋನು, ಅಜ್ಜಾರ ಫೋನು ಬಿಟ್ಟು ಬೇರೆಲ್ಲೂ ತೆರೆಯದಂತೆ ಬೀಗ ಮಾಡಿದವನೂ ಅವನೇ. ಆ ವಿದ್ಯೆಯಲ್ಲಿ ಕೈ ಪಳಗಿತ್ತು; ಸ್ವಲ್ಪ ಜಂಬವೂ ಇತ್ತು ಅನ್ನಿ.

ಒಂದು ದಿನ ಪೊಲೀಸ್ ಸಾಹೇಬರು ಬಂದರು. ಮಗು ಕದ್ದವನೊಬ್ಬ ಇಲ್ಲಿಂದ ಮದ್ದು ತರಿಸಿಕೊಂಡಿದ್ದಾನೆಂದು ಗುಮಾನಿ. ಹೇಳುವಾಗ ಅವರ ಕಣ್ಣಲ್ಲಿ ನೀರಿತ್ತು. ಅಜ್ಜಾರು ನದಿಗೆ ಹೋಗಿದ್ದರು. ಪಂಪಯ್ಯ ಕಾಯಲಿಲ್ಲ. ಎಲ್ಲ ಬೀಗಗಳನ್ನೂ ತೆರೆಯುವ ಒಂದು ಗುಟ್ಟಿನ ನಂಬರು ಮಾಡಿ ಕೊಟ್ಟ.

ಮೂರೇ ದಿನಕ್ಕೆ ಮಗು ಸಿಕ್ಕಿತು.

"ನಿಮ್ಮನ್ನ ಕೇಳದ ನಂಬರು ಕೊಟ್ಟೀನಿ, ಅಜ್ಜಾರ. ತಪ್ಪಾತೇನ್ರಿ?"

"ಕೂಸು ಉಣ್ತೈತೇನು?"

"ಉಣ್ತೈತ್ರಿ."

"ಚಲೋ ಆತು. ನಂಬರು ಯಾರ ಹತ್ರ ಐತಿ?"

"ಸಾಹೇಬ್ರ ಹತ್ರ ಮಾತ್ರ. ದೇವರಂಥ ಮನುಷ್ಯಾರಿ."

"ಇವತ್ತ ಅಳಿಸಿಬಿಡು."

ಪಂಪಯ್ಯ ಹೂಂ ಎಂದ. ಅಳಿಸಲಿಲ್ಲ. ನಾಳೆ ಇನ್ನೊಂದು ಮಗು ಕಳೆದರೆ?

ಎಂಟನೆಯ ದಿನ ಮುಂಜಾನೆ ನೀಲಮ್ಮ ಓಡಿ ಬಂದಳು. ಗಂಡನ ಹೊಡೆತ ತಾಳದೆ ಊರು ಬಿಟ್ಟು ಅಡಗಿದ್ದವಳು. ಮಗಳ ಜ್ವರಕ್ಕೆ ಮದ್ದು ಬೇಕಾಗಿ, ತಾನೆಲ್ಲಿದ್ದೇನೆಂದು ಅಜ್ಜಾರಿಗೊಬ್ಬರಿಗೇ ಬರೆದಿದ್ದಳು. ಈಗ ಕಂಕುಳಲ್ಲಿ ಮಗಳು, ಒಡೆದ ಹಣೆಯಿಂದ ನೆತ್ತರು.

"ಆತ ಬಂದಿದ್ನರಿ. ಪೊಲೀಸ್ ಸ್ಟೇಷನ್ನಾಗ ಆತನ ಗೆಳೆಯ ಅದಾನ. ನಾ ನಿಮಗ ಬರದದ್ದು ಒಂದಕ್ಷರಾನೂ ಬಿಡದ ಓದಿ ಓದಿ ಹೊಡದಾನ್ರಿ."

ಪಂಪಯ್ಯ ಅವಳ ಹಣೆ ನೋಡಿದ. ತಾನು ಸಾಹೇಬರಿಗೆ ಮಾತ್ರ ಕೊಟ್ಟ ನಂಬರು ಸ್ಟೇಷನ್ನಿನವರ ಕೈಗೂ ಹೋಗಿ ಇವಳ ಹಣೆ ಒಡೆಯಿತೇ? ನಂಬಲಾಗಲಿಲ್ಲ. ಫೋನು ತೆಗೆದು ನಂಬರು ಅಳಿಸತೊಡಗಿದ.

ಅಜ್ಜಾರು ಗಾಯಕ್ಕೆ ಅರಿಶಿನ ಒತ್ತಿದರು. ತಾಯಿ ಮಗಳನ್ನು ಹರಿಗೋಲಿಗೆ ಹತ್ತಿಸಿ, ತಾವೇ ಹುಟ್ಟು ಹಾಕಿ ಆಚೆ ದಡಕ್ಕೆ ಬಿಟ್ಟು ಬಂದರು. ಎಲ್ಲಿಗೆ ಹೋಗುತ್ತೀ ಎಂದು ಕೇಳಲಿಲ್ಲ.

ಪಂಪಯ್ಯ ಫೋನು ಹಿಡಿದು ಎದುರು ಬಂದ.

"ಅಳಿಸೀನಿ, ಅಜ್ಜಾರ. ಇನ್ನ ಬೀಗ ಗಟ್ಟಿ ಐತ್ರಿ. ಇನ್ಯಾರೂ ಒಳಗ ಬರಾಂಗಿಲ್ರಿ."

ಅಜ್ಜಾರು ಹುಟ್ಟನ್ನು ಅವನ ಕೈಗೆ ಕೊಟ್ಟರು.

"ಆಕಿ ಇನ್ನೂ ಆಚೆ ದಡದಾಗ ನಡಕೊಂತ ಹೊಂಟಾಳ. ಲಗೂನ ಹೋಗು. 'ಬೀಗ ಈಗ ಗಟ್ಟಿ ಐತಿ, ನಿನ್ನ ಹೊಸ ವಿಳಾಸ ನಮಗ ಬರದು ಕಳಸವ್ವಾ' ಅಂತ ಕೇಳು. ಬರೀತಾಳೇನು ನೋಡಿ ಬಾ."