ರಟ್ಟಿನ ಕೀಲಿಮಣೆ

"ಗುರುಗಳೇ, ಎಲ್ಲರನ್ನೂ ಕೇಳಿ ಮಾಡಿದ ಕೆಲಸದಲ್ಲಿ ಅನ್ಯಾಯವಾಗುವುದುಂಟೇ?" ಎಂದು ಶಿಷ್ಯ ಕೇಳಿದ.

ಗುರುಗಳು ಒಂದು ಕತೆ ಹೇಳಿದರು.

ಹಿಟ್ಟಿನ ಗಿರಣಿಯವನೊಬ್ಬನಿದ್ದ. ಮನೆಗೊಂದು ಪೊರಕೆ ತರಬೇಕಾದರೂ ಎಲ್ಲರನ್ನೂ ಕೂರಿಸಿ ಕೇಳುವವನು. ಅದೇ ಅವನ ಹೆಮ್ಮೆ. ಅವನಿಗೆ ಒಬ್ಬಳೇ ಮಗಳು. ಮುಂದಿನ ಸಂಕ್ರಾಂತಿ ಕಳೆದ ಮೇಲೆ ಅವಳಿಗೆ ಬೆರಳಚ್ಚಿನ ಪರೀಕ್ಷೆಯಿತ್ತು. ಪಾಸಾದರೆ ಕಚೇರಿ ಕೆಲಸ, ಇಲ್ಲವಾದರೆ ಮದುವೆ ಎಂದು ಮನೆಯಲ್ಲಿ ಮಾತಾಗಿತ್ತು. ಕಲಿಯಲು ಕಂಪ್ಯೂಟರ್ ಬೇಕೆಂದಳು. ತಂದೆ ಒಪ್ಪಿದ. ಒಪ್ಪಿ, ಪದ್ಧತಿಯಂತೆ ಮನೆಯವರನ್ನೆಲ್ಲ ಕೂರಿಸಿದ. ಅವಳನ್ನು ಕಾಫಿ ಮಾಡಲು ಒಳಗೆ ಕಳಿಸಿದರು.

ಅಜ್ಜಿ, "ಆಷಾಢದಲ್ಲಿ ಹೊಸ ವಸ್ತು ಮನೆಗೆ ಬರಬಾರದಪ್ಪ" ಎಂದಳು. ಆಷಾಢ ಕಳೆಯಿತು. ಚಿಕ್ಕಪ್ಪ, "ದೀಪಾವಳಿಗೆ ಹೊಸ ಮಾದರಿ ಬರುತ್ತೆ, ಈಗ ಹಳೇದನ್ನ ತಂದು ಏನು ಮಾಡ್ತೀರಿ?" ಎಂದ. ದೀಪಾವಳಿಯೂ ಕಳೆಯಿತು. ಆಮೇಲೆ ವಾಸ್ತು ನೋಡುವವನು ಬಂದು, ಆಗ್ನೇಯ ಮೂಲೆಯಲ್ಲೇ ಇಡಬೇಕೆಂದ. ಆ ಮೂಲೆಯಲ್ಲಿ ಕರೆಂಟೇ ಇರಲಿಲ್ಲ. ಎಲ್ಲರೂ ಅವಳ ಒಳ್ಳೆಯದಕ್ಕೇ ಹೇಳಿದರು. ಅದು ಸುಳ್ಳೂ ಅಲ್ಲ. ಹೊಟ್ಟೆ ಉರಿಯುವುದು ಅದಕ್ಕೇ.

ಅಷ್ಟು ದಿನವೂ ಹುಡುಗಿ ಒಂದು ರಟ್ಟಿನ ಮೇಲೆ ಕೀಲಿಮಣೆ ಬರೆದುಕೊಂಡು ಬೆರಳಾಡಿಸಿದಳು. ಕಣ್ಣು ಮುಚ್ಚಿಯೂ ಅಕ್ಷರಗಳನ್ನು ಹುಡುಕಬಲ್ಲೆನೆಂಬ ಧೈರ್ಯ ಬಂತು. ಪರೀಕ್ಷೆಯ ದಿನ ಮೊದಲ ಸಲ ನಿಜವಾದ ಕೀಲಿಗಳನ್ನು ಮುಟ್ಟಿದಳು. ರಟ್ಟಿನ ಮೇಲೆ ತಪ್ಪು ಕಾಣುತ್ತಿರಲಿಲ್ಲ. ಪರದೆಯ ಮೇಲೆ ಎಲ್ಲವೂ ಕಂಡಿತು.

ಅವಳು ಪಾಸಾಗಲಿಲ್ಲ. ಮದುವೆಗೆ ಮಾತ್ರ ಮನೆಯವರ ಒಪ್ಪಿಗೆ ಒಂದೇ ಮಧ್ಯಾಹ್ನದಲ್ಲಿ ಸಿಕ್ಕಿತು.

ಯುಗಾದಿಗೆ ಕಂಪ್ಯೂಟರ್ ಬಂತು. ಮನೆಮಗಳ ಕೈಯಲ್ಲೇ ಆರತಿಯಾಗಬೇಕೆಂದು ಅವಳನ್ನು ಗಂಡನ ಮನೆಯಿಂದ ಕರೆಸಿದರು. "ನಿನಗೋಸ್ಕರಾನೇ ತಂದಿದ್ದು ಕಣಮ್ಮ" ಎಂದ ತಂದೆ. ಹೇಳುವಾಗ ಅವನ ಕಣ್ಣು ತುಂಬಿತ್ತು. ಅವಳು ಆರತಿ ಎತ್ತಿದಳು. ಪರದೆಯ ಅಂಚಿಗೆ ಕುಂಕುಮವಿಟ್ಟಳು. ಒಂದು ಕೀಲಿಯನ್ನೂ ಒತ್ತದೆ ಸಂಜೆಯ ಬಸ್ಸಿಗೆ ಹೊರಟುಹೋದಳು.

ಗುರುಗಳು ಕತೆ ಮುಗಿಸಿದರು. ಶಿಷ್ಯ ಮತ್ತೆ ಕೇಳಿದ:

"ತಪ್ಪು ಯಾರದು ಗುರುಗಳೇ? ಅಜ್ಜಿಯದೋ, ಚಿಕ್ಕಪ್ಪನದೋ, ವಾಸ್ತುವಿನವನದೋ, ತಂದೆಯದೋ?"

ಗುರುಗಳು ಅವನನ್ನೇ ನೋಡಿ ಹೇಳಿದರು: "ನೀನೂ ಎಲ್ಲರ ವಿಷಯ ಕೇಳಿದೆ, ಅವಳು ಆಮೇಲೆ ಏನಾದಳೆಂದು ಕೇಳಲಿಲ್ಲ."