ತಾಳೆಗರಿಯೂ ಹೊಸ ಪುಸ್ತಕವೂ

ಬಾಳಿನಲ್ಲಿ ಗೆಲ್ಲುವ ಬಗೆಯನ್ನು ಕಲಿಸುವ ಹೊಸ ಪುಸ್ತಕವೊಂದು ಗ್ರಂಥಾಲಯಕ್ಕೆ ಬಂತು. ಅದರ ಮಿರುಗುವ ರಕ್ಷಾಪುಟದ ಮೇಲೆ 'ಹಿಂದೆ ಯಾರೂ ಹೇಳದ ಮಾತುಗಳು' ಎಂದು ಅಚ್ಚಾಗಿತ್ತು. ಪಕ್ಕದಲ್ಲಿ ನೀತಿಕಥೆಗಳ ತಾಳೆಗರಿ ಕಟ್ಟೊಂದು ಮಲಗಿರುವುದನ್ನು ಕಂಡು ಅದು, "ಅಜ್ಜಿ, ನಿಮ್ಮ ಕಾಲ ಮುಗಿಯಿತು. ಸ್ವಲ್ಪ ಸರಿಯಿರಿ" ಎಂದಿತು. ತಾಳೆಗರಿ ನಕ್ಕು ಸರಿದುಕೊಂಡಿತು.

ಅಂದು ಮಧ್ಯಾಹ್ನವೇ ಬಸುರಿ ಇಲಿಯೊಂದು ಕಪಾಟು ಹತ್ತಿ ಹೊಸ ಪುಸ್ತಕದ ಅಂಚನ್ನು ಕಡಿಯತೊಡಗಿತು. ಧೈರ್ಯದ ಬಗ್ಗೆ ಇಡೀ ಒಂದು ಅಧ್ಯಾಯವನ್ನೇ ಹೊತ್ತಿದ್ದರೂ ಪುಸ್ತಕ ಹೆದರಿ ಹಾಳೆಗಳನ್ನೆಲ್ಲ ಬಿಗಿಯಾಗಿ ಮುಚ್ಚಿಕೊಂಡಿತು.

"ಏನಮ್ಮಾ, ಹಸಿವೆಯೋ?" ಎಂದು ತಾಳೆಗರಿ ಇಲಿಯನ್ನು ಕೇಳಿತು.

"ಹಸಿವಲ್ಲ. ಹುಟ್ಟುವ ಮರಿಗಳಿಗೆ ಹಾಸಿಗೆ ಬೇಕು."

"ಈ ಕಾಗದ ಗಡುಸು, ಎಳೆಯ ಮೈಗೆ ಚುಚ್ಚೀತು. ಬಾಗಿಲ ಹಿಂದೆ ಹರಿದ ಹತ್ತಿಯ ದಿಂಬೊಂದು ಬಿದ್ದಿದೆ, ನೋಡು."

ಇಲಿ ಸಂತೋಷದಿಂದ ಅತ್ತ ಓಡಿತು.

ಪುಸ್ತಕಕ್ಕೆ ಹೋದ ಜೀವ ಬಂದಂತಾಯಿತು. ಹಿಂದೆಯೇ ಬೆರಗೂ ಆಯಿತು. "'ಎದುರಾಳಿಗೆ ಏನು ಬೇಕೆಂದು ಮೊದಲು ಕೇಳು.' ಇದು ನನ್ನ ಮೂರನೆಯ ಅಧ್ಯಾಯ! ನೀವು ನನ್ನನ್ನು ಯಾವಾಗ ಓದಿದಿರಿ?"

"ನಾನೆಲ್ಲಿ ಓದಿದೆ, ಮಗು? ನನ್ನಲ್ಲಿ ಅದು ಕರಡಿ ಮತ್ತು ಜೇನುನೊಣದ ಕಥೆ. ನನ್ನನ್ನು ಬರೆದವನು ಅದನ್ನು ತನ್ನ ಅಜ್ಜಿಯಿಂದ ಕೇಳಿದ್ದ. ನಿನ್ನನ್ನು ಬರೆದವಳೂ ಯಾರದೋ ಮಡಿಲಲ್ಲಿ ಕೇಳಿರಬೇಕು."

ಪುಸ್ತಕದ ಮುಖ ಒಂದು ಗಳಿಗೆ ಸಪ್ಪಗಾಯಿತು. ಮರುಗಳಿಗೆಯೇ ಅದು, "ಹಾಗಾದರೆ ನಾನು ಒಂಟಿಯಲ್ಲ! ನನಗೂ ಒಂದು ಮನೆತನವಿದೆ!" ಎಂದು ಹಾಳೆ ಪಟಪಟಿಸಿ ಕುಣಿಯಿತು. ಆಮೇಲೆ ತಾಳೆಗರಿಯ ಮಗ್ಗುಲಿಗೆ ಒತ್ತಿ ಕುಳಿತು, "ಅಜ್ಜಿ, ಆ ಕರಡಿಯ ಕಥೆ ಹೇಳಿ" ಎಂದಿತು.